ಮಳೆಗಾಲದ ಟೆಂಟು, ಕಂತು 4: ಪುಕ್ಕದ ಬ್ಯಾಗು ಮನೇಲಿರಲಿ

ಫೋಟೋದಲ್ಲಿ ಬಚ್ಚಲ ಒಲೆ ಪಕ್ಕ ಹಗ್ಗದ ಮೇಲೆ ನೇತಾಡ್ತಿರೋದು ಗೆಳೆಯನ ಸ್ಲೀಪಿಂಗ್ ಬ್ಯಾಗು. ಬಾತುಕೋಳಿ ಪುಕ್ಕ ತುಂಬಿದ್ದು, ಮೈನಸ್ 5 ಡಿಗ್ರಿಗೂ ಆಗುತ್ತೆ ಅಂತ ಅಂಗಡಿಯವರು ಹೊಗಳಿ ಕೊಟ್ಟಿದ್ದು. ಜುಲೈನಲ್ಲಿ ಕಳಸದ ಹತ್ತಿರ ಒಂದು ಹೋಂಸ್ಟೇ ಅಂಗಳದಲ್ಲಿ ಟೆಂಟು ಹಾಕಿದ್ವಿ. ರಾತ್ರಿ ಎರಡು ಗಂಟೆಗೆ ಅವನ ಹಲ್ಲು ಕಟಕಟ ಅನ್ನೋ ಸದ್ದಿಗೆ ನನಗೆ ಎಚ್ಚರ ಆಯ್ತು. ಭಾರೀ ಚಳಿಯೇನಿರಲಿಲ್ಲ. ಬ್ಯಾಗು ನೆನೆದು ಪುಕ್ಕ ಮುದ್ದೆ ಕಟ್ಟಿತ್ತು, ಅಷ್ಟೇ. ಮನೆಯವರನ್ನ ಎಬ್ಬಿಸಿ, ಒಣ ಬಟ್ಟೆ ಹಾಕಿಸಿ, ಕಂಬಳಿ ಹೊದೆಸಿ ಒಲೆ ಮುಂದೆ ಕೂರಿಸಿದ ಮೇಲೇ ನಡುಕ ನಿಂತದ್ದು.

ಯಾರು ಏನೇ ಅನ್ನಲಿ, ಮಲೆನಾಡಿನ ಮಳೆಗೆ ಪುಕ್ಕದ ಬ್ಯಾಗು ಬೇಡ. ಲಡಾಖಿನ ಒಣ ಚಳಿಗೆ ಅದಕ್ಕೆ ಸಾಟಿ ಇಲ್ಲ, ಒಪ್ತೀನಿ. ಹಗುರ, ಮಡಚಿದ್ರೆ ಪುಟ್ಟದಾಗುತ್ತೆ. ಆದರೆ ಪುಕ್ಕ ಉಬ್ಬಿಕೊಂಡು ಗಾಳಿ ಹಿಡಿದಿಟ್ಟರೆ ಮಾತ್ರ ಬೆಚ್ಚಗೆ. ಮಳೇಲಿ ನೆಂದ ಕೋಳಿ ನೋಡಿದ್ದೀರಲ್ಲ? ಸಿಂಥೆಟಿಕ್ ಬ್ಯಾಗು ತೂಕ ಜಾಸ್ತಿ, ಜಾಗಾನೂ ತಿನ್ನುತ್ತೆ. ಆದ್ರೂ ಸ್ವಲ್ಪ ನೆನೆದರೆ ಪೂರ್ತಿ ಕೈ ಬಿಡಲ್ಲ, ಬೇಗ ಒಣಗುತ್ತೆ. ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗಿಳೀತಿದ್ದ ನಮ್ಮ ಹಿರಿಯರಿಗೆ ಈ ಲೆಕ್ಕ ಯಾವತ್ತೋ ಗೊತ್ತಿತ್ತು.

ಕೊಳ್ಳುವಾಗ ಚೀಟಿಯಲ್ಲಿ ‘ಕಂಫರ್ಟ್’ ಅಂತ ಇರೋ ಅಂಕಿ ನೋಡಿ. ‘ಎಕ್ಸ್‌ಟ್ರೀಮ್’ ಅಂದ್ರೆ ಜೀವ ಉಳಿಸಿಕೊಳ್ಳೋ ಮಟ್ಟ, ನಿದ್ದೆ ಮಾಡೋದಲ್ಲ. ನಮ್ಮ ಮಳೆಗಾಲಕ್ಕೆ ಕಂಫರ್ಟ್ 10 ಡಿಗ್ರಿ ಇದ್ರೆ ಧಾರಾಳ.

ಈಗ ಅವನ ಬ್ಯಾಗು ನೆನೆದದ್ದು ಹೇಗೆ? ರಕ್‌ಸ್ಯಾಕಿಗೆ ರೇನ್ ಕವರ್ ಹಾಕಿದ್ವಿ. ಆದ್ರೆ ಕವರು ಬೆನ್ನಿಗಂಟೋ ಭಾಗ ಮುಚ್ಚಲ್ಲ. ಬೆನ್ನಗುಂಟ ಇಳಿದ ನೀರು ರಕ್‌ಸ್ಯಾಕಿನ ತಳಕ್ಕೆ ಸೇರುತ್ತೆ. ನಾವು ಸ್ಲೀಪಿಂಗ್ ಬ್ಯಾಗ್ ಇಡೋದೂ ಸರಿಯಾಗಿ ಅಲ್ಲೇ! ಈಗ ನಾನು ದಪ್ಪ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಬ್ಯಾಗು ತುರುಕಿ, ಬಾಯಿ ತಿರುಚಿ, ಮಡಚಿ, ಕಟ್ಟಿ ಆಮೇಲೇ ರಕ್‌ಸ್ಯಾಕಿಗೆ ಇಡೋದು. ಟೆಂಟು ಎದ್ದು ನಿಂತು, ಮೈಮೇಲಿನ ಒದ್ದೆ ಬಟ್ಟೆ ಬಿಚ್ಚೋ ತನಕ ಆ ಗಂಟು ಬಿಚ್ಚಲ್ಲ.

ಇನ್ನೊಂದು ನೀರು ನಮ್ಮದೇ ಉಸಿರಿಂದು. ಮಳೆ ಅಂತ ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದ್ರೆ ಬೆಳಗ್ಗೆ ಒಳಗೋಡೆ ಬೆವರಿರುತ್ತೆ, ಅದಕ್ಕೆ ತಾಗಿದ ಕಾಲಿನ ತುದಿ ಒದ್ದೆ. ಮೇಲಿನ ಕಿಂಡಿ ತೆರೆದಿಡಿ, ಮೂಗು ಬ್ಯಾಗಿಂದ ಹೊರಗಿಡಿ.

ಮನೆಗೆ ಬಂದ ದಿನವೇ ಬಿಚ್ಚಿ ಹರಡಿ. ಒಲೆಗೆ ತೀರಾ ಹತ್ತಿರ ಬೇಡ, ಒಂದು ಕಿಡಿ ಸಾಕು ತೂತಾಗೋಕೆ. ಒಣಗಿದ ಮೇಲೂ ಸಣ್ಣ ಚೀಲಕ್ಕೆ ತುರುಕಬೇಡಿ, ಸಡಿಲವಾಗಿಡಿ. ಹಸಿ ಉಳಿದ್ರೆ ಬೂಷ್ಟು ಗ್ಯಾರಂಟಿ.

ಗೆಳೆಯನ ಬ್ಯಾಗು ಮೂರನೇ ದಿನವೂ ಒಳಗೆ ಹಸಿಯಾಗೇ ಇತ್ತು. ಈಗ ಪೂರ್ತಿ ಒಣಗಿದೆ, ಮಾರಾಟಕ್ಕಿದೆ. ಲಡಾಖಿಗೆ ಹೊರಟೋರು ಇದ್ರೆ ಕಮೆಂಟ್ ಹಾಕಿ 🙂

#ಮಳೆಗಾಲದಟೆಂಟು #ಮಲೆನಾಡು #ಚಾರಣ