ವಾರಕ್ಕೊಂದು ಚಿತ್ರ

ಹಳಗನ್ನಡ ಕಾವ್ಯಗಳ ಪಾಠ ಹೇಳುವುದೂ ಓಲೆಗರಿಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದೂ ನನ್ನ ವೃತ್ತಿ. ಅಂಥವನು ಛಾಯಾಗ್ರಹಣವನ್ನು ಕುರಿತು ಲೇಖನಿ ಹಿಡಿದುದನ್ನು ಕಂಡು ಸಹೋದ್ಯೋಗಿ ಮಿತ್ರರು ನಕ್ಕಾರು. ಆದರೆ ಹಳೆಯ ವಿದ್ಯಾರ್ಥಿಯೊಬ್ಬನು ಗುರುಕಾಣಿಕೆಯೆಂದು ಒಂದು ಮೊಬೈಲ್ ಫೋನನ್ನು ಕೈಗಿತ್ತು, “ಗುರುಗಳೇ, ಇದರ ಕ್ಯಾಮೆರಾ ಚೆನ್ನಾಗಿದೆ, ಶಾಸನಗಳ ಚಿತ್ರ ತೆಗೆಯಲು ತಮಗೆ ಅನುಕೂಲವಾದೀತು” ಎಂದ ಮೇಲೆ ನಾನು ಒಂದು ನಿಯಮವನ್ನು ಹಿಡಿದೆ. ವಾರಕ್ಕೆ ಒಂದೇ ಚಿತ್ರ, ವರ್ಷಕ್ಕೆ 52. ವಾರವೆಲ್ಲ ಎಷ್ಟು ತೆಗೆದರೂ ಭಾನುವಾರ ಸಂಜೆ ಒಂದನ್ನು ಆರಿಸಿ, ಅದರ ಕೆಳಗೆ ತಿಥಿ, ಸ್ಥಳ, ಕಾರಣಗಳನ್ನು ಬರೆದಿಡಬೇಕು. ಒಂದು ವರ್ಷ ಈ ನಿಯಮವನ್ನು ನಡೆಸಿದ ಬಳಿಕ, ನಮ್ಮ ಶಾಲೆಯ ಮಕ್ಕಳೂ ಅಧ್ಯಾಪಕರೂ ಇದನ್ನು ಕೈಗೊಳ್ಳಬೇಕೆಂದು ನನಗೆ ದೃಢವಾಗಿ ತೋರಿದೆ. ಅದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಇಂದು ಚಿತ್ರಗಳಿಗೆ ಬರವಿಲ್ಲ. ನೋಟಕ್ಕೆ ಬರ ಬಂದಿದೆ. ಒಂದು ಮದುವೆಯಲ್ಲಿ ಸಾವಿರ ಚಿತ್ರ ತೆಗೆಯುವವರು ಮರುವಾರ ಅವುಗಳಲ್ಲಿ ಹತ್ತನ್ನೂ ತಿರುಗಿ ನೋಡುವುದಿಲ್ಲ. ಈ ಕಲೆ ಹುಟ್ಟಿದ್ದಾದರೋ ತಾಳ್ಮೆಯಿಂದ. ಫ್ರಾನ್ಸ್ ದೇಶದ ನೀಸೆಫೋರ್ ನಿಯೆಪ್ಸ್ ಎಂಬಾತನು 1826-27ರ ಸುಮಾರಿಗೆ ತನ್ನ ಮನೆಯ ಮಹಡಿಯ ಕಿಟಕಿಯಿಂದ ಕಂಡ ನೋಟವನ್ನು ಲೋಹದ ತಗಡಿನ ಮೇಲೆ ಹಿಡಿದನು. ಅದಕ್ಕಾಗಿ ಆ ತಗಡು ಅನೇಕ ಗಂಟೆಗಳ ಕಾಲ ಬೆಳಕಿಗೆ ಮೈಯೊಡ್ಡಿ ಕೂರಬೇಕಾಯಿತು.

ಇನ್ನೊಂದು ಕಿಟಕಿಯ ಕಥೆ ಇದಕ್ಕಿಂತ ಮನಮುಟ್ಟುವಂಥದು. ಪ್ರಾಗ್ ನಗರದ ಯೋಸೆಫ್ ಸುದೆಕ್ ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. ಉಳಿದ ಒಂದೇ ಕೈಯಿಂದ ಭಾರವಾದ ಕ್ಯಾಮೆರಾಗಳನ್ನು ನಿರ್ವಹಿಸುತ್ತ, 1940ರಿಂದ 1954ರವರೆಗೆ ತನ್ನ ಕಾರ್ಯಾಗಾರದ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದನು. ಗಾಜಿನ ಮೇಲೆ ಕಟ್ಟಿದ ಹನಿ, ಅಂಗಳದ ಸೊಟ್ಟ ಮರ, ಹಿಮ, ಮಬ್ಬು, ಕಿಟಕಿಯ ಮೇಲಿಟ್ಟ ಒಂದು ಲೋಟ, ಇಷ್ಟೇ ಅವನ ಸಾಮಗ್ರಿ. ನಮ್ಮ ನಾಡಿನಲ್ಲಿಯೂ ಇಂಥ ನಿಷ್ಠೆಗೆ ನಿದರ್ಶನಗಳಿವೆ. ಮೂಡಿಗೆರೆಯ ತೋಟದಲ್ಲಿದ್ದು ಹಕ್ಕಿಗಳ ಚಿತ್ರಗಳನ್ನು ತೆಗೆದು ಕನ್ನಡಿಗರಿಗೆ ತಮ್ಮ ನಾಡಿನ ಹಕ್ಕಿಗಳನ್ನು ಪರಿಚಯಿಸಿದ ಪೂರ್ಣಚಂದ್ರ ತೇಜಸ್ವಿಯವರು ಸಾಹಿತಿಗಳು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಮಂತ್ರಿಪದವಿಯನ್ನು ನಿರ್ವಹಿಸಿದವರು. ವನ್ಯಜೀವಿಗಳ ಕಪ್ಪುಬಿಳುಪಿನ ಚಿತ್ರಗಳಿಗೆ ಹೆಸರಾದ ಅವರ ಗ್ರಂಥ 1983ರಲ್ಲಿ ಪ್ರಕಟವಾಯಿತು. ಛಾಯಾಗ್ರಹಣ ಇವರಿಬ್ಬರ ಜೀವನೋಪಾಯವಾಗಿರಲಿಲ್ಲ. ಕಾದು ಕುಳಿತು ನೋಡುವ ಗುಣವೇ ಇವರ ಬಂಡವಾಳ.

ವಾರಕ್ಕೊಂದು ಚಿತ್ರವೆಂದರೆ ಕಂಡುದನ್ನೆಲ್ಲ ಹಿಡಿಯುವುದಲ್ಲ. ವಾರಕ್ಕೊಂದು ಅಭ್ಯಾಸವನ್ನು ಕೈಗೊಳ್ಳುವುದು. ಒಂದು ವಾರ ಸಂಜೆಯ ಸೂರ್ಯನಿಗೆ ಎದುರಾಗಿ ನಿಂತು, ಆಕಾಶದ ಬೆಳಕಿಗೆ ಕ್ಯಾಮೆರಾವನ್ನು ಹೊಂದಿಸಿದರೆ ನೀರು ಹೊರುವ ಹುಡುಗ ಕಪ್ಪು ಆಕೃತಿಯಾಗಿ ಮೂಡುತ್ತಾನೆ. ಮುಖ ಕಾಣದಿದ್ದರೂ ಅವನ ನಡಿಗೆಯಿಂದಲೇ ಇಂಥವನೆಂದು ಗುರುತಾಗುತ್ತದೆ. ಇನ್ನೊಂದು ವಾರ ಷಟರಿನ ವೇಗವನ್ನು ಸೆಕೆಂಡಿನ 1/30ಕ್ಕೆ ಇಳಿಸಿ, ಓಡುವ ಸೈಕಲ್ಲಿನ ಜೊತೆಯಲ್ಲಿಯೇ ಕ್ಯಾಮೆರಾವನ್ನು ತಿರುಗಿಸಿದರೆ ಸವಾರನು ಸ್ಫುಟವಾಗಿ ನಿಂತು ಹಿಂದಿನ ಗೋಡೆ ಗೆರೆಗೆರೆಯಾಗಿ ಹರಿಯುತ್ತದೆ. ನಾನು ಇಪ್ಪತ್ತು ಸಾರಿ ಸೋತು ಇಪ್ಪತ್ತೊಂದನೆಯದರಲ್ಲಿ ಗೆದ್ದೆ. ಮತ್ತೊಂದು ವಾರ ಪ್ರಸಾದನಿಲಯದಲ್ಲಿ ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿಟ್ಟಾಗ, ಊಟದ ಪಂಕ್ತಿಯು ಬಡಿಸಲು ನಿಂತವನ ಕಣ್ಣಿಗಲ್ಲ, ಉಣ್ಣಲು ಕುಳಿತ ಪುಟ್ಟ ಬಾಲಕನ ಕಣ್ಣಿಗೆ ಹೇಗೆ ಕಾಣುವುದೆಂಬುದು ಮೊದಲ ಬಾರಿಗೆ ತಿಳಿಯಿತು. ಮೂವತ್ತು ವರ್ಷ ಆ ಪಂಕ್ತಿಯ ನಡುವೆ ಓಡಾಡಿಯೂ ನಾನದನ್ನು ಕಂಡಿರಲಿಲ್ಲ.

ಇನ್ನು ತೆಗೆದ ಚಿತ್ರವನ್ನು ತಿದ್ದುವ ವಿಚಾರ. ತಿದ್ದುವುದೆಂದರೆ ಮೋಸವೆಂದು ಬಗೆಯುವವರಿದ್ದಾರೆ. ನಾನು ಆ ಮತದವನಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರೈಲಾಂಡರ್ ಎಂಬ ಕಲಾವಿದನು 1857ರಲ್ಲಿಯೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವನ್ನು ರಚಿಸಿದನು. ಡಾರ್ಕ್ ರೂಮಿನ ಕಾಲದಲ್ಲಿಯೂ ಪ್ರಿಂಟು ಹಾಕುವವರು ಬೆಳಕಿಗೆ ಕೈಯನ್ನು ಅಡ್ಡ ಹಿಡಿದು ಒಂದೆಡೆಯನ್ನು ತಿಳಿಗೊಳಿಸುತ್ತಿದ್ದರು, ಇನ್ನೊಂದೆಡೆಗೆ ಹೆಚ್ಚು ಬೆಳಕು ಕೊಟ್ಟು ಗಾಢಗೊಳಿಸುತ್ತಿದ್ದರು. ಪಿಯಾನೋ ವಾದನವನ್ನು ಅಭ್ಯಾಸ ಮಾಡಿದ್ದ ಅಮೆರಿಕದ ಆನ್ಸೆಲ್ ಆಡಮ್ಸ್ ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದನು. ಆದಕಾರಣ ತಿದ್ದುವಿಕೆ ಈ ಕಲೆಯೊಡನೆಯೇ ಬೆಳೆದುಬಂದುದು. ಪ್ರಶ್ನೆಯಿರುವುದು ಅದರ ಮೇರೆಯನ್ನು ಕುರಿತು.

ಆ ಮೇರೆಯನ್ನು ನಾನು ಕಲಿತದ್ದು ನಾಚಿಕೆಯಿಂದ. ಊರಹೊರಗಿನ ಹೊಲದ ಬದುವಿನಲ್ಲಿ ಸವೆದುಹೋದ ವೀರಗಲ್ಲೊಂದಿದೆ. ಒಂದು ನಡುಮಧ್ಯಾಹ್ನ ಅದರ ಚಿತ್ರವನ್ನು ತೆಗೆದೆ. ಬರಹದಲ್ಲಿ ಒಂದು ಅಕ್ಷರ ಅಸ್ಪಷ್ಟವಾಗಿತ್ತು. ಅದು ‘ಮ’ಕಾರವೆಂದು ನನ್ನ ಊಹೆ. ಮನೆಗೆ ಬಂದು ಚಿತ್ರದ ಕಪ್ಪನ್ನು ಹೆಚ್ಚಿಸಿ, ಅಲ್ಲಲ್ಲಿ ಕಲೆಗಳನ್ನು ಅಳಿಸಿ, ಊಹಿಸಿದ ಅಕ್ಷರವು ಎದ್ದುಕಾಣುವಂತೆ ಮಾಡಿದೆ. ಮೂಲಚಿತ್ರವನ್ನು ಉಳಿಸಲಿಲ್ಲ. ತಿದ್ದಿದ ಚಿತ್ರವನ್ನೇ ತೋರಿಸಿ ಹತ್ತನೆಯ ತರಗತಿಯ ಮಕ್ಕಳಿಗೆ ಪಾಠವನ್ನೂ ಹೇಳಿದೆ. ಮೂರು ವಾರಗಳ ತರುವಾಯ ಬೆಳಗಿನ ಓರೆಬಿಸಿಲಿನಲ್ಲಿ ಅದೇ ಕಲ್ಲಿನ ಮುಂದೆ ನಿಂತೆ. ಬಿಸಿಲು ಪಕ್ಕದಿಂದ ಬಿದ್ದಾಗ ಕೆತ್ತನೆಯ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ, ಸವೆದ ಅಕ್ಷರವೂ ತಾನಾಗಿ ಏಳುತ್ತದೆ. ಎದ್ದದ್ದು ‘ವ’ಕಾರ. ನಾನು ಅಕ್ಷರದ ಭಾಗವೆಂದು ಕಪ್ಪುಮಾಡಿದ್ದು ಕಲ್ಲಿನ ಬಿರುಕು. ಮರುದಿನ ತರಗತಿಯಲ್ಲಿ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡೆ. ಕಲ್ಲು ಅಲ್ಲಿಯೇ ಇದ್ದುದರಿಂದ ಸತ್ಯ ತಿಳಿಯಿತು. ಅಷ್ಟರಲ್ಲಿ ಯಾರಾದರೂ ಅದನ್ನು ಒಡೆದು ಮನೆಯ ಪಾಯಕ್ಕೆ ಹಾಕಿದ್ದರೆ ನನ್ನ ಸುಳ್ಳೇ ಶಾಶ್ವತ ಪ್ರಮಾಣವಾಗಿ ನಿಲ್ಲುತ್ತಿತ್ತಲ್ಲವೆ?

ಓಲೆಗರಿಯ ಮುಂದೆ ನಾನೆಂದೂ ಇಂಥ ಸ್ವಾತಂತ್ರ್ಯ ವಹಿಸಿದವನಲ್ಲ. ಗ್ರಂಥಸಂಪಾದಕನು ತನಗೆ ಹಿಡಿಸದ ಪಾಠವನ್ನು ಅಳಿಸುವುದಿಲ್ಲ. ತಿದ್ದುಪಡಿಯನ್ನು ಸೂಚಿಸಿ, ಪ್ರತಿಯಲ್ಲಿದ್ದ ರೂಪವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಚಿತ್ರಸಂಪಾದನೆಗೂ ಇದೇ ಧರ್ಮ ಸಲ್ಲಬೇಕು. ಅಂಚನ್ನು ಕತ್ತರಿಸಲಿ, ವಾಲಿದುದನ್ನು ನೇರಗೊಳಿಸಲಿ, ನೆರಳು ಬೆಳಕುಗಳನ್ನು ಹದಗೊಳಿಸಲಿ, ಬಣ್ಣವನ್ನು ತೆಗೆದು ಕಪ್ಪುಬಿಳುಪಾಗಿಸಲಿ. ಆದರೆ ಮೂಲಚಿತ್ರ ಭದ್ರವಾಗಿರಲಿ. ಎರಡು ಚಿತ್ರಗಳನ್ನು ಬೆಸೆದು ಕಲ್ಪನೆಯ ಲೋಕವನ್ನು ಕಟ್ಟುವುದಾದರೆ ಧಾರಾಳವಾಗಿ ಕಟ್ಟಲಿ. ಅದು ಕಟ್ಟಿದ ಚಿತ್ರವೆಂದು ಕೆಳಗೆ ಬರೆಯಲಿ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಬೆರಳ ತುದಿಯಲ್ಲೇ ಇಲ್ಲದವರನ್ನು ನಿಲ್ಲಿಸುವ, ಇದ್ದವರನ್ನು ಅಳಿಸುವ ಈ ಕಾಲದಲ್ಲಿ ನಮ್ಮ ಮಕ್ಕಳಿಗೆ ಈ ವಿವೇಕವನ್ನು ಕಲಿಸದಿದ್ದರೆ ನಾವು ಕಲಿಸಿದ ವ್ಯಾಕರಣವೂ ವ್ಯರ್ಥವೆಂದು ನನ್ನ ಭಾವನೆ.

ಅಧ್ಯಾಪಕರ ಕೊಠಡಿಯಲ್ಲಿ ತೂಗುಹಾಕಿರುವ ಹಳೆಯ ಗುಂಪುಚಿತ್ರವನ್ನು ಓದುಗರೆಲ್ಲರೂ ಬಲ್ಲರು. ಮೂರು ಸಾಲು ಜನ. ಎರಡನೆಯ ಸಾಲಿನಲ್ಲಿರುವವರಲ್ಲಿ ಅರ್ಧದಷ್ಟು ಜನರ ಹೆಸರು ಇಂದು ಯಾರಿಗೂ ತಿಳಿಯದು. ಈ ಶಾಲೆಗೆ ಬೆವರು ಸುರಿಸಿದವರು ಹೀಗೆ ನಮ್ಮ ಕಣ್ಣೆದುರೇ ಅನಾಮಧೇಯರಾಗಿದ್ದಾರೆ. ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಪ್ರತಿ ತರಗತಿಯೂ ವಾರಕ್ಕೊಂದು ಚಿತ್ರವನ್ನು ಆರಿಸಿ, ಚಿತ್ರದಲ್ಲಿರುವವರ ಹೆಸರು ಸಹಿತ ದಾಖಲೆಗೆ ಸೇರಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿರುವ ಶಾಲೆಯ ಚಿತ್ರಗಳನ್ನು ತಂದು, ಹೆಸರು ಹೇಳಿ, ಬರೆಸಲಿ. ದಾನಿಗಳಿಂದ ಬೆಲೆಬಾಳುವ ಕ್ಯಾಮೆರಾಗಳನ್ನು ಬೇಡುವುದಿಲ್ಲ. ಚಿತ್ರಗಳನ್ನು ಅಚ್ಚುಹಾಕಿಸಲು ಸ್ವಲ್ಪ ಹಣ, ಇಡಲು ಗೆದ್ದಲು ಹತ್ತದ ಒಂದು ಕಪಾಟು, ಇಷ್ಟು ಸಾಕು.

ನನ್ನ ಎರಡನೆಯ ವರ್ಷದ ಮೊದಲ ಚಿತ್ರವಾಗಿ ಅದೇ ವೀರಗಲ್ಲನ್ನು ಓರೆಬಿಸಿಲಿನಲ್ಲಿ ತೆಗೆದಿದ್ದೇನೆ. ಏನನ್ನೂ ತಿದ್ದಿಲ್ಲ. ಬಿರುಕು ಬಿರುಕಾಗಿಯೇ ಇದೆ, ಅಕ್ಷರ ಅಕ್ಷರವಾಗಿಯೇ ಇದೆ.