ಬದುಕಿದ ಗಿಡವೆಲ್ಲ ಒಳ್ಳೆಯ ಗಿಡವಲ್ಲ

ಮೈಸೂರಿನಿಂದ ಗುಂಡ್ಲುಪೇಟೆಯತ್ತ ಸಾಗುವ ಹೆದ್ದಾರಿಯಲ್ಲಿರುವ ಬೇಗೂರು ಊಟಿಯ ಪ್ರವಾಸಿಗರಿಗೆ ಹಾದುಹೋಗುವ ಊರು ಮಾತ್ರ. ಅದೇ ಹಾದಿಯಲ್ಲಿ ಊಟಿಯ ಗಿಡಗಳೂ ಘಟ್ಟವಿಳಿದು ಬರುತ್ತವೆ. ಕುಂಡಸಮೇತ ಕಾರಿನಲ್ಲಿ ಬರುವ ಅಜೇಲಿಯ, ಕಮೀಲಿಯ, ಹೈಡ್ರೇಂಜಿಯಗಳನ್ನು ಮನೆಯಂಗಳದಲ್ಲಿ ಬೆಳೆಸಬೇಕೆಂಬ ಆಸೆ ಈಗ ಹಳ್ಳಿಗಳನ್ನೂ ಮುಟ್ಟಿದೆ. ವಸಂತದಲ್ಲಿ ಹೂ ಬಿಡುವ, ಇಲ್ಲಿಯ ಹವೆಯಲ್ಲಿ ಬದುಕಿದರೂ ಬದುಕಬಹುದಾದ ಇಂತಹ ಪೊದೆಗಿಡಗಳನ್ನು ಹೇಗಾದರೂ ಉಳಿಸಿಕೊಳ್ಳುವುದೇ ತೋಟಗಾರಿಕೆಯ ಸಾಧನೆ ಎಂಬ ನಂಬಿಕೆ ಬೇರೂರುತ್ತಿದೆ. ಗಿಡ ಬದುಕೀತೇ ಎಂದು ಕೇಳುವವರು ಬಹಳ ಮಂದಿ. ಬದುಕಿದರೆ ನೀರಿಗೆ, ನೆಲಕ್ಕೆ, ಕಾಡಿಗೆ ಏನಾದೀತು ಎಂದು ಕೇಳುವವರು ವಿರಳ. ಬಂಡೀಪುರದ ಅಂಚಿನಲ್ಲಿರುವ ತಾಲ್ಲೂಕಿಗೆ ಈ ಮರೆವು ದುಬಾರಿಯಾಗಿದೆ.

ಸಸ್ಯಗಳ ತಾಳಿಕೆಯನ್ನು ಅಳೆಯುವ ಪದ್ಧತಿ ಶೀತದೇಶಗಳಿಂದ ಬಂದುದು. ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಮೊದಲು ಪ್ರಕಟಿಸಿದ ತಾಳಿಕೆ ವಲಯಗಳ ನಕ್ಷೆಗೆ ಚಳಿಗಾಲದ ಕನಿಷ್ಠ ಉಷ್ಣಾಂಶವೇ ಆಧಾರ. ಬೇಗೂರಿನಲ್ಲಿ ಗಿಡವನ್ನು ಕೊಲ್ಲುವುದು ಚಳಿಯಲ್ಲ, ಮಾರ್ಚ್ ಏಪ್ರಿಲ್ ತಿಂಗಳುಗಳ ಬಿಸಿಲು ಮತ್ತು ಒಣಗಾಳಿ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೆ ಬೇಗೂರಿನ ಸೀಮೆ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಇಳಿದಾಗ ಸುಮಾರು 6 ಡಿಗ್ರಿ ಉಷ್ಣಾಂಶ ಏರುತ್ತದೆ ಎಂಬ ಸಾಮಾನ್ಯ ಲೆಕ್ಕದಂತೆ ಈ ಗಿಡಗಳು ಎಂಟು ಡಿಗ್ರಿಗೂ ಹೆಚ್ಚಿನ ಸೆಕೆಗೆ ಇಳಿದು ಬಂದಿರುತ್ತವೆ. ಅಜೇಲಿಯ, ಕಮೀಲಿಯಗಳಿಗೆ ಆಮ್ಲೀಯ ಮಣ್ಣು ಬೇಕು. ಕೊಳವೆ ಬಾವಿಯ ಗಡಸು ನೀರಿನ ಸುಣ್ಣದಂಶ ಮಣ್ಣಿಗೆ ಸೇರುತ್ತ ಹೋದಂತೆ ಬೇರುಗಳು ಕಬ್ಬಿಣದಂಶವನ್ನು ಹೀರಲಾರದೆ ಎಲೆಗಳು ಹಳದಿಗಟ್ಟುತ್ತವೆ. ತಂಪಿನ ದಿನಗಳು ಸಾಲದಿದ್ದರೆ ಹೂ ಅರಳುವುದೇ ಕಷ್ಟ.

ಹೀಗಿರುವ ಗಿಡವನ್ನು ಉಳಿಸಲು ನೆರಳು ಬಲೆ ಕಟ್ಟಬೇಕು, ಮಣ್ಣು ಬದಲಿಸಬೇಕು, ಬೇಸಿಗೆಯುದ್ದಕ್ಕೂ ನಿತ್ಯ ನೀರುಣಿಸಬೇಕು. ಗುಂಡ್ಲುಪೇಟೆಯು ಮಳೆನೆರಳಿನ ತಾಲ್ಲೂಕು. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇದರ ಹೆಸರು ಕಾಣಿಸಿಕೊಂಡಿದೆ. ದನಕರುಗಳ ತೊಟ್ಟಿಗೆ ನೀರು ಹೊಂದಿಸುವುದೇ ಕಷ್ಟವಾದ ತಿಂಗಳುಗಳಲ್ಲಿ ಹೈಡ್ರೇಂಜಿಯಕ್ಕೆ ಕೊಡಗಟ್ಟಲೆ ನೀರು ಸುರಿಯುವುದನ್ನು ಹವ್ಯಾಸವೆಂದು ಸಮರ್ಥಿಸಬಹುದೇ?

ಆದರೂ ಸಾಯುವ ಗಿಡದಿಂದಾಗುವ ನಷ್ಟ ಒಂದು ಮನೆಗೆ ಸೀಮಿತ. ನಿಜವಾದ ಅಪಾಯ ಆರೈಕೆಯಿಲ್ಲದೆ ಬದುಕುವ ಗಿಡದ್ದು. ಉಷ್ಣವಲಯದ ಅಮೆರಿಕದ ಲಂಟಾನ 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದದ್ದು ಉದ್ಯಾನದ ಅಲಂಕಾರಕ್ಕೆ. ಬಿಸಿಲು, ಬರ, ಬಡ ಮಣ್ಣು ಎಲ್ಲವನ್ನೂ ತಾಳಿಕೊಂಡ ಈ ಪೊದೆ ತೋಟಗಾರನ ಕಣ್ಣಿಗೆ ಸರ್ವಗುಣಸಂಪನ್ನ. ಅದರ ಹಣ್ಣುಗಳನ್ನು ಪಿಕಳಾರ, ಗೊರವಂಕಗಳು ತಿಂದು ಬೀಜವನ್ನು ಬೇಲಿಯಾಚೆಗೆ ಒಯ್ದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಲಂಟಾನ ದೇಶದ 1,54,000 ಚದರ ಕಿಲೋಮೀಟರ್ ಕಾಡನ್ನು, ಅಂದರೆ ಹುಲಿಯ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗವನ್ನು, ಹೊಕ್ಕಿದೆ. ಚಾಮರಾಜನಗರ ಜಿಲ್ಲೆಯದೇ ಆದ ಬಿಳಿಗಿರಿರಂಗನಬೆಟ್ಟದ ಕಾಡಿನಲ್ಲಿ 1997ರಲ್ಲಿ ಶೇ. 41ರಷ್ಟು ಅಧ್ಯಯನ ತಾಣಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ ಶೇ. 81ರಷ್ಟು ತಾಣಗಳಲ್ಲಿ ಕಂಡುಬಂತು.

ಇದರ ಬೆಲೆ ತೆರುವವರು ಕಾಡಂಚಿನ ಜನ. ಲಂಟಾನದ ಅಡಿಯಲ್ಲಿ ಹುಲ್ಲು ಬೆಳೆಯದು. ದನ ಅದರ ಎಲೆ ತಿಂದರೆ ಯಕೃತ್ತು ಕೆಡುತ್ತದೆ. ಹೊಲದ ಬದುವಿಗೆ ಹತ್ತಿದ ಪೊದೆ ಕಾಡುಹಂದಿಗೆ ಮರೆಯಾಗುತ್ತದೆ. ಬೇಸಿಗೆಯಲ್ಲಿ ಒಣಗಿದ ಪೊದೆಗಳು ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಒಣ ಲಂಟಾನ ಉರಿಯಾಗಿ ಸೇರಿಕೊಂಡಿತ್ತು. ಇಷ್ಟಾದರೂ ಬಣ್ಣಬಣ್ಣದ ಲಂಟಾನವನ್ನು ನರ್ಸರಿಗಳಲ್ಲಿ ಇಂದಿಗೂ ಮಾರಲಾಗುತ್ತಿದೆ.

ಪಾಠ ಕಲಿತಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಸೆನ್ನಾ ಸ್ಪೆಕ್ಟಾಬಿಲಿಸ್. ಹಳದಿ ಹೂವಿನ ಈ ಅಮೆರಿಕದ ಮರವನ್ನು ನೆರಳಿಗೂ ಅಂದಕ್ಕೂ ನೆಡಲಾಯಿತು. ವಯನಾಡಿನಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸರ್ಕಾರಿ ಇಲಾಖೆಯೇ ನೆಡಿಸಿತು. ಇಂದು ಅದು ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆಗಳಲ್ಲಿ ಹಬ್ಬಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಹೊರಗಿನಿಂದ ಬಂದುದೆಲ್ಲ ಕೆಟ್ಟದ್ದೇ ಎಂಬ ಆಕ್ಷೇಪ ಏಳುವುದು ಸಹಜ. ಹಾಗಲ್ಲ. ಗುಂಡ್ಲುಪೇಟೆಯ ಹೊಲಗಳನ್ನು ಬಂಗಾರವಾಗಿಸುವ ಚೆಂಡುಹೂವಿನ ತವರು ಮೆಕ್ಸಿಕೊ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅವು ಹೊಲ ಬಿಟ್ಟು ಕಾಡನ್ನು ಆಕ್ರಮಿಸಿಲ್ಲ. ಗಿಡದ ಹುಟ್ಟೂರಿಗಿಂತ ಅದರ ನಡತೆ ಮುಖ್ಯ. ನೆಡುವ ಮುನ್ನ ಮೂರು ಸಂಗತಿ ವಿಚಾರಿಸಿದರೆ ಸಾಕು: ಬೇಸಿಗೆಯಲ್ಲಿ ಅದಕ್ಕೆ ಎಷ್ಟು ನೀರು ಬೇಕು? ಅದರ ಬೀಜ ಹಕ್ಕಿಯ ಹೊಟ್ಟೆಯಲ್ಲೋ ಗಾಳಿಯಲ್ಲೋ ಬೇಲಿ ದಾಟುತ್ತದೆಯೇ? ಬೇಡವಾದಾಗ ಕಿತ್ತರೆ ಹೋಗುತ್ತದೆಯೇ?

ಈ ಪರೀಕ್ಷೆಯಲ್ಲಿ ಗೆಲ್ಲುವ ಹೂಗಿಡಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ತಂಗಡಿ, ಅಂದರೆ ಆವರಿಕೆ, ಸೆನ್ನಾ ಕುಲದ್ದೇ ಆದ ದೇಸಿ ಪೊದೆ. ಹೂವಿನ ಹಳದಿಯಲ್ಲಿ ಅದು ಯಾರಿಗೂ ಸೋಲದು. ಬೇಸಿಗೆಯಲ್ಲಿ ಬಿಳಿ ಹೂ ತಳೆದು ಆಮೇಲೆ ಹಣ್ಣು ಕೊಡುವ ಮುಳ್ಳಿನ ಕವಳೆ ಒಳ್ಳೆಯ ಬೇಲಿ. ಮುಂಗಾರಿಗೆ ಮುನ್ನ ಅರಳುವ ಕೊಡಸಿಗೆಯ ಹೂವಿಗೆ ಕಂಪಿದೆ. ಬಂದರಿಕೆಯ ಎಲೆಯನ್ನು ಮೇಕೆ ಸಾಮಾನ್ಯವಾಗಿ ಮುಟ್ಟದು. ತಂಗಡಿಯ ಗಟ್ಟಿ ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು. ಕವಳೆಯ ಬೀಜವನ್ನು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಮಳೆಗಾಲದಲ್ಲಿ ನೆಟ್ಟು ಮೊದಲ ಬೇಸಿಗೆ ದಾಟಿಸಿದರೆ ಮುಂದೆ ನೀರಿನ ಹಂಗು ಹೆಚ್ಚಿರದು.

ಇಂತಹ ಸಸಿಗಳು ಮಾರಾಟಕ್ಕೆ ಸುಲಭವಾಗಿ ಸಿಗುವುದಿಲ್ಲ. ಕೇಳುವವರಿಲ್ಲವೆಂಬುದು ಮಾರುವವರ ಉತ್ತರ. ಹಾಗಾದರೆ ಕೇಳಬೇಕು. ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳ ಸಸ್ಯಕ್ಷೇತ್ರಗಳಲ್ಲಿ ಇವುಗಳ ಸಸಿ ಬೆಳೆಸುವಂತೆ ಗ್ರಾಮಸಭೆಗಳು ಠರಾವು ಮಾಡಬೇಕು. ಕಾಡಂಚಿನ ತಾಲ್ಲೂಕುಗಳಲ್ಲಿ ಲಂಟಾನದ ಮಾರಾಟ ನಿಲ್ಲಿಸುವಂತೆ ಒತ್ತಾಯಿಸಬೇಕು. ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಬದುಗಳಿಂದ ತಂಗಡಿಯ ಕಾಯಿ ಆಯ್ದು ತಂದು, ಮುಂಗಾರಿಗೆ ಶಾಲೆಯ ಬೇಲಿಗುಂಟ ಬಿತ್ತಬಹುದು. ಆ ಕೆಲಸಕ್ಕೆ ಯಾರ ಅನುಮತಿಯೂ ಅನುದಾನವೂ ಬೇಕಿಲ್ಲ.