ಟೊಮೇಟೊ ಪೆಟ್ಟಿಗೆಗೆ ಒಂದೇ ಅಳತೆ

ಬೆಳೆಗಾರನ ಶ್ರಮವು ಹೊಲದಲ್ಲಿಯೇ ಮುಗಿಯತಕ್ಕದ್ದಲ್ಲ. ಹಣ್ಣು ಕೊಳ್ಳುವವನ ಕೈಸೇರುವವರೆಗೂ ಅದನ್ನು ಕಾಪಾಡಬೇಕಾದುದು ಅವಶ್ಯಕ. ಕೋಲಾರದ ಮಾರುಕಟ್ಟೆಯಲ್ಲಿ ಸುಮಾರು 15 ಕಿಲೋಗ್ರಾಂ ಟೊಮೇಟೊ ಹಿಡಿಯುವ ಪೆಟ್ಟಿಗೆಯ ಲೆಕ್ಕದಲ್ಲಿ ವ್ಯಾಪಾರವು ನಡೆಯುತ್ತಿರುವುದು ಸಂತೋಷಕರವಾದ ಸಂಗತಿ. ಆದರೆ ತೂಕವು ಒಂದಾದ ಮಾತ್ರಕ್ಕೆ ಸಾಲದು; ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳೂ ಒಂದೇ ಆಗಿರತಕ್ಕದ್ದು.

ಇದರ ಪ್ರಯೋಜನವನ್ನು ಲೆಕ್ಕದಿಂದಲೇ ತಿಳಿಯಬಹುದು. ಉಗ್ರಾಣಗಳಲ್ಲಿ ಸರಕು ಪೇರಿಸುವ ಅಡಿಮಣೆ, ಅಂದರೆ ಪ್ಯಾಲೆಟ್, 1200 ಮಿಲಿಮೀಟರ್ ಉದ್ದ, 1000 ಮಿಲಿಮೀಟರ್ ಅಗಲವುಳ್ಳದ್ದಾದಲ್ಲಿ, 600 ಮಿಲಿಮೀಟರ್ ಉದ್ದ, 400 ಮಿಲಿಮೀಟರ್ ಅಗಲದ ಪೆಟ್ಟಿಗೆಗಳು ವರಸೆಗೆ ಐದರಂತೆ ಎಡೆಯಿಲ್ಲದೆ ಕೂರುತ್ತವೆ. ಅಳತೆಗಳು ಬೇರೆಬೇರೆಯಾದರೆ ನಡುವೆ ಬರಿಯ ಜಾಗ ಉಳಿದು, ಲಾರಿಯ ಕುಲುಕಾಟಕ್ಕೆ ಪೆಟ್ಟಿಗೆಗಳು ಸರಿದಾಡಿ ಹಣ್ಣು ನಜ್ಜಾಗುತ್ತದೆ. ಬಾಡಿಗೆಯನ್ನಾದರೋ ಆ ಬರಿಯ ಜಾಗಕ್ಕೂ ತೆರಬೇಕಾಗುತ್ತದೆ.

ಇನ್ನೊಂದು ವಿಚಾರವುಂಟು. ಅಂಚನ್ನು ಮೀರಿ ಗುಡ್ಡೆಯಾಗಿ ತುಂಬಿದ ಪೆಟ್ಟಿಗೆಯ ಮೇಲೆ ಮತ್ತೊಂದನ್ನಿಟ್ಟಲ್ಲಿ, ಭಾರವು ಪೆಟ್ಟಿಗೆಯ ಗೋಡೆಯ ಮೇಲೆ ಬೀಳದೆ ಹಣ್ಣಿನ ಮೇಲೆಯೇ ಬೀಳುತ್ತದೆ. ಗುಡ್ಡೆ ತುಂಬಿಸಿಕೊಂಡ ವರ್ತಕನಿಗೂ, ತುಂಬಿಕೊಟ್ಟ ರೈತನಿಗೂ ಇದರಿಂದ ನಷ್ಟವೇ ಸರಿ. ಆದುದರಿಂದ ಪೆಟ್ಟಿಗೆಯ ಅಳತೆಯನ್ನೂ ತುಂಬುವ ಮಟ್ಟವನ್ನೂ ಮಾರುಕಟ್ಟೆ ಸಮಿತಿಗಳು ಗೊತ್ತುಪಡಿಸಬೇಕೆಂದೂ, ರೈತ ಬಾಂಧವರು ಇದನ್ನು ಒಕ್ಕೊರಲಿನಿಂದ ಕೇಳಬೇಕೆಂದೂ ನಮ್ಮ ಅಭಿಪ್ರಾಯ.